ಏಳು ತಿಂಗಳ ಪೋಲೆ

ನೈರೋಬಿಗೆ ಬಂದ ಮೂರನೆಯ ದಿನವೇ ಹೈಂಗುವಿಗೆ ಒಂದು ಸಂಗತಿ ಖಚಿತವಾಯಿತು: ಈ ಊರಿನವರು ತಿನ್ನುತ್ತಾರೆ, ಊಟ ಮಾಡುವುದಿಲ್ಲ. ಬೆಳಿಗ್ಗೆ ಬ್ರೆಡ್ಡು ತಿನ್ನುತ್ತಾರೆ. ಮಧ್ಯಾಹ್ನ ಮೆಕ್ಕೆಜೋಳವನ್ನೂ ಬೀನ್ಸ್ ಕಾಳನ್ನೂ ಒಟ್ಟಿಗೆ ಬೇಯಿಸಿ ತಿನ್ನುತ್ತಾರೆ. ಸಂಜೆ ಉಗಾಲಿ ಎಂಬ ಬಿಳಿ ಮುದ್ದೆಯನ್ನು ಬೆರಳಲ್ಲಿ ಒತ್ತಿ, ಸೊಪ್ಪಿನ ಪಲ್ಯ ಸೇರಿಸಿಕೊಂಡು ತಿನ್ನುತ್ತಾರೆ. ಅನ್ನವೇನಿದ್ದರೂ ಭಾನುವಾರ, ಅದೂ ಪ್ರಸಾದ ಹಂಚಿದ ಹಾಗೆ ತಲೆಗೊಂದು ಸೌಟು. ಹೈಂಗು ಮಡಗಾಸ್ಕರಿನವಳು, ಅಂಬುಸಿತ್ರದ ಹತ್ತಿರದ ಹಳ್ಳಿಯ ಹುಡುಗಿ. ಅವಳ ಭಾಷೆಯಲ್ಲಿ ಊಟ ಮಾಡುವುದಕ್ಕೂ ಅನ್ನ ಉಣ್ಣುವುದಕ್ಕೂ ಒಂದೇ ಮಾತು. ಹಾಗೆ ಲೆಕ್ಕ ಹಾಕಿದರೆ ಅವಳು ವಾರಕ್ಕೆ ಆರು ದಿನ ಉಪವಾಸ.

"ಏನೇ, ಮುದ್ದೆ ನೋಡ್ತಾ ಕಣ್ಣೀರು ಹಾಕ್ತಿದೀಯಾ?" ಅಂದಳು ಮುತಿಂಟಾ. ಇವಳು ಜಾಂಬಿಯಾದವಳು. ಅವರ ಊರಲ್ಲೂ ಇದೇ ಮುದ್ದೆ, ಹೆಸರು ಮಾತ್ರ ಬೇರೆ. "ನಾನೂ ಅಳಬೇಕು ಕಣೇ. ಇವರಿಗೆ ಮುದ್ದೆ ತಿರುವೋಕೇ ಬರಲ್ಲ. ಇದನ್ನ ಗೋಡೆಗೆ ಎಸೆದ್ರೆ ಗೋಡೆ ಬಿರುಕು ಬಿಡುತ್ತೆ."

ನೈರೋಬಿಯ ಲಂಗಾಟಾದಲ್ಲಿದ್ದ ಆ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಆ ವರ್ಷ ಹೊಸದಾಗಿ ಸೇರಿದ ಹುಡುಗಿಯರು ಮೂವರೇ. ಮೂರನೆಯವಳು ನ್ಸಿಮಿರೆ, ಕಾಂಗೋದ ಬುಕಾವು ಊರಿನವಳು. ನಕ್ಕರೆ ಮೂರು ಮನೆಯಾಚೆಗೆ ಕೇಳಿಸುವ ಗಂಟಲು. ಹೈಂಗುವಿಗೂ ಅವಳಿಗೂ ಫ್ರೆಂಚ್ ಬರುತ್ತಿತ್ತು, ಈ ಊರಿನ ಸ್ವಾಹಿಲಿ ಅವಳಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಸ್ವಾಹಿಲಿಯ ಮಟ್ಟಿಗೆ ನ್ಸಿಮಿರೆಯೇ ಹೈಂಗುವಿನ ನಿಘಂಟು. ನಿಘಂಟಿನಲ್ಲಿ ಒಂದು ತಪ್ಪಿದ್ದರೆ ಏನಾಗುತ್ತದೆ ಎನ್ನುವುದೇ ಈ ಕಥೆ.

ಈ ಮೂವರನ್ನು ತಿದ್ದಿ ತೀಡುವ ಹೊಣೆ ಸಿಸ್ಟರ್ ಸ್ಯೋಂಬುವಾ ಅವರದು. ಕಿಟುಯಿ ಕಡೆಯ ಕಂಬಾ ಜನಾಂಗದ ಹೆಂಗಸು. ವಯಸ್ಸು ಅರವತ್ತರ ಹತ್ತಿರ. ಮಾತು ಕಡಿಮೆ, ಕಣ್ಣು ಜಾಸ್ತಿ. ಜನವರಿಯಲ್ಲಿ ಬಂದ ಹುಡುಗಿಯರನ್ನು ಏಳು ತಿಂಗಳು ನೋಡಿ, ಆಗಸ್ಟ್ ಹದಿನೈದರ ಮಾತೆಯ ಹಬ್ಬಕ್ಕೆ ಯಾರಿಗೆ ಸನ್ಯಾಸದ ಬಿಳಿ ಮುಸುಕು ಹಾಕಬೇಕು, ಯಾರನ್ನು ಊರಿಗೆ ಕಳಿಸಬೇಕು ಎಂದು ಮೇಲಿನವರಿಗೆ ಕಾಗದ ಬರೆಯುವವರು ಅವರೇ. ಅವರ ಒಂದು ಕಾಗದಕ್ಕೆ ಮರುಮಾತಿಲ್ಲ.

ಹೈಂಗುವಿಗೆ ಆ ಬಿಳಿ ಮುಸುಕು ಬೇಕಿತ್ತು. ಸುಮ್ಮನೆ ಬೇಕಿರಲಿಲ್ಲ, ಹಟ ಹಿಡಿದು ಬೇಕಿತ್ತು. ಹೊರಡುವ ದಿನ ಅವಳ ಅಜ್ಜಿ ಬಾಯಿತುಂಬ ನೀರು ತುಂಬಿಕೊಂಡು, ಅವರ ಪದ್ಧತಿಯಂತೆ ಮೊಮ್ಮಗಳ ನೆತ್ತಿಯ ಮೇಲೆ ಉಗುಳಿ ಹರಸಿದ್ದರು. ವಿಮಾನದಲ್ಲಿ ಕೂತಾಗಲೂ ಕೂದಲು ಒದ್ದೆಯಿದ್ದ ಹಾಗೆ ಅನ್ನಿಸುತ್ತಿತ್ತು. ಆ ನೀರು ಆರುವ ಮೊದಲೇ ವಾಪಸು ಹೋಗಿ ಅಜ್ಜಿಯ ಮುಂದೆ ನಿಲ್ಲುವುದೆಂದರೆ ಅವಳಿಗೆ ನೆನೆದರೇ ಎದೆ ಝಲ್ಲೆನ್ನುತ್ತಿತ್ತು. ಅದೂ ಅಲ್ಲದೆ, ಬೆಳಗಿನ ಪ್ರಾರ್ಥನೆಗೆ ನಾಲ್ಕು ದೇಶದ ನಾಲ್ಕು ಗಂಟಲು ಸೇರಿ ಹಾಡುವಾಗ, ಮುದ್ದೆಯ ಮೇಲಿನ ಸಿಟ್ಟೆಲ್ಲ ಮರೆತು ಅವಳಿಗೆ ಇದೇ ನನ್ನ ಮನೆ ಅನ್ನಿಸುತ್ತಿತ್ತು.

ಎಲ್ಲ ಶುರುವಾದದ್ದು ಒಂದು ಕಪ್ಪಿನಿಂದ. ಬಂದ ಮೊದಲ ವಾರ ಚಹಾ ಕುಡಿಯುವಾಗ ಹೈಂಗುವಿನ ಕೈ ಜಾರಿ ಕಪ್ಪು ಬಿತ್ತು, ಚೂರುಚೂರಾಯಿತು. ತಕ್ಷಣ ಮೇಜಿನ ಸುತ್ತ ಇದ್ದವರೆಲ್ಲ ಒಂದೇ ಉಸಿರಿಗೆ, "ಪೋಲೆ!" ಅಂದರು. ಸಿಸ್ಟರ್ ಸ್ಯೋಂಬುವಾ ಕೂಡ, "ಪೋಲೆ, ಮಗಳೇ" ಅಂದರು.

ಹೈಂಗು ನ್ಸಿಮಿರೆಯ ಕಿವಿಯಲ್ಲಿ, "ಏನಂದ್ರು?" ಎಂದಳು.

"ಪೋಲೆನಾ? ನಾವು ಫ್ರೆಂಚಲ್ಲಿ ದೆಸೊಲೆ ಅಂತೀವಲ್ಲ, ಅದೇ," ಅಂದು ನ್ಸಿಮಿರೆ ಬ್ರೆಡ್ಡಿಗೆ ಕೈ ಹಾಕಿದಳು. ಅವಳ ಮಟ್ಟಿಗೆ ಪಾಠ ಮುಗಿದಿತ್ತು.

ದೆಸೊಲೆ ಎನ್ನುವ ಈ ಫ್ರೆಂಚ್ ಮಾತು ಬಲು ಮೋಸದ್ದು. ಇಂಗ್ಲಿಷಿನ ಸಾರಿಯ ಹಾಗೆ ಅದಕ್ಕೂ ಎರಡು ಮುಖ. ನಿಮ್ಮ ಕಾಲು ತುಳಿದವನೂ ಸಾರಿ ಅನ್ನುತ್ತಾನೆ, ನಿಮ್ಮ ಕಾಲು ಮುರಿದದ್ದನ್ನು ಕೇಳಿದವನೂ ಸಾರಿ ಅನ್ನುತ್ತಾನೆ. ಸ್ವಾಹಿಲಿ ಅಂಥ ಜಿಪುಣ ಭಾಷೆಯಲ್ಲ, ಎರಡಕ್ಕೂ ಬೇರೆ ಬೇರೆ ಮಾತಿದೆ. ಪೋಲೆ ಅಂದರೆ ನಮ್ಮ ಕಡೆಯ ಪೋಲಿಯಂತೂ ಅಲ್ಲ, ಕನ್ನಡದವರು ಕಿವಿ ನಿಮಿರಿಸಬೇಕಾಗಿಲ್ಲ. ಎಡವಿದವರಿಗೆ ಪೋಲೆ, ಕೆಮ್ಮಿದವರಿಗೆ ಪೋಲೆ, ಬಿಸಿಲಲ್ಲಿ ನಡೆದು ಬಂದವರಿಗೆ ಪೋಲೆ, ಸಾವಿನ ಮನೆಯಲ್ಲೂ ಪೋಲೆ. ನಾವು 'ಅಯ್ಯೋ ಪಾಪ' ಅನ್ನುತ್ತೇವಲ್ಲ, ಅದೇ. ಅಂದವರದು ಏನೂ ತಪ್ಪಿರುವುದಿಲ್ಲ, ನಿನ್ನ ಕಷ್ಟ ಕಂಡೆ ಎಂದಷ್ಟೇ ಅದರ ಅರ್ಥ. ಅದಕ್ಕೆ ಕೊಡುವ ಉತ್ತರ 'ಅಸಾಂತೆ', ಅಂದರೆ ಉಪಕಾರವಾಯಿತು. ತಪ್ಪಾಯಿತು ಕ್ಷಮಿಸಿ ಅನ್ನುವ ಮಾತೇ ಬೇರೆ. ಅದನ್ನು ಹೈಂಗುವಿಗೆ ಯಾರೂ ಹೇಳಿಕೊಡಲಿಲ್ಲ, ಅವಳೂ ಕೇಳಲಿಲ್ಲ.

ಹಾಗಾಗಿ ಹೈಂಗುವಿಗೆ ತಿಳಿದದ್ದು ಇಷ್ಟು: ಕಪ್ಪು ಒಡೆದದ್ದು ನಾನು, ಕ್ಷಮೆ ಕೇಳಿದ್ದು ಅವರು! ಒಬ್ಬರಲ್ಲ ಇಬ್ಬರಲ್ಲ, ಇಡೀ ಮನೆ! ಅವಳ ಕಣ್ಣು ತುಂಬಿ ಬಂತು. ಇಂಥ ಸಂತರ ನಡುವೆ ಬಂದು ಬಿದ್ದೆನಲ್ಲ ಎಂದು ರೋಮಾಂಚನವಾಯಿತು. ಭಾನುವಾರ ಫೋನಿನಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದಳು.

"ಹುಷಾರು ಕಣೇ," ಅಂದರು ಅಮ್ಮ. "ನೀನು ಕಪ್ಪು ಒಡೆದ್ರೆ ಅವರು ಕ್ಷಮೆ ಕೇಳ್ತಾರೆ ಅಂದ್ರೆ ಏನೋ ಇದೆ. ನಿನ್ನ ಪೆಟ್ಟಿಗೆಗೆ ಬೀಗ ಹಾಕಿದೀಯಾ?"

ಅಮ್ಮನ ಸಣ್ಣಬುದ್ಧಿಗೆ ಹೈಂಗು ಮರುಗಿದಳು. ಅಷ್ಟೇ ಅಲ್ಲ, ತಾನೂ ಈ ಮನೆಯವರ ವಿನಯಕ್ಕೆ ಸರಿಸಾಟಿಯಾಗಬೇಕೆಂದು ಪಣ ತೊಟ್ಟಳು. ಇನ್ನು ಮುಂದೆ ಏನೇ ತಪ್ಪು ಮಾಡಿದರೂ ಮುಚ್ಚಿಡುವುದಿಲ್ಲ, ನೇರ ಹೋಗಿ ಪೋಲೆ ಅನ್ನುತ್ತೇನೆ ಎಂದುಕೊಂಡಳು.

ತಪ್ಪಿಗೇನು ಬರಗಾಲವೇ? ಮಾರ್ಚ್‌ನಲ್ಲಿ ಮೊದಲ ಮಳೆ ಬಿದ್ದ ಮರುದಿನ ಅವಳು ಗೊಬ್ಬರದ ಕೈಗಾಡಿ ತಳ್ಳಿಕೊಂಡು ಓಡುತ್ತಾ ಜಾರಿದಳು. ಗಾಡಿ ಹೋಗಿ ಬಟ್ಟೆ ಹಗ್ಗದ ಕಂಬಕ್ಕೆ ಗುದ್ದಿತು. ಸಿಸ್ಟರ್ ಸ್ಯೋಂಬುವಾರ ಹಾಲಿನಂಥ ಹಾಸಿಗೆ ಬಟ್ಟೆಗಳು ಕೆಂಪು ಕೆಸರಿನಲ್ಲಿ ಮಲಗಿದವು. ಸದ್ದು ಕೇಳಿ ಸಿಸ್ಟರ್ ಹೊರಗೆ ಬಂದರು. ಹೈಂಗು ಎದ್ದು, ಕೈ ಜೋಡಿಸಿ, ಮುಖ ಅರಳಿಸಿ, "ಪೋಲೆ, ಸಿಸ್ಟರ್" ಅಂದಳು. ಅವಮಾನವಾದಾಗ ನಗು ಬರುವುದು ಅವಳ ಮನೆಯವರಿಗೆಲ್ಲ ಇದ್ದ ಕಾಯಿಲೆ. ಸಿಸ್ಟರಿಗೆ ಕೇಳಿಸಿದ್ದು ಹೀಗೆ: ಅಯ್ಯೋ ಪಾಪ ಸಿಸ್ಟರ್, ನಿಮ್ಮ ಬಟ್ಟೆ ಹೀಗಾಗಬಾರದಿತ್ತು!

ಸಿಸ್ಟರ್ ಕೆಸರನ್ನೊಮ್ಮೆ, ಆ ನಗುವನ್ನೊಮ್ಮೆ ನೋಡಿದರು. "ಅಸಾಂತೆ," ಅಂದು ಒಳಗೆ ಹೋದರು.

ಹೈಂಗುವಿಗೆ ಸ್ವರ್ಗಕ್ಕೆ ಮೂರೇ ಗೇಣು. ತಪ್ಪೊಪ್ಪಿಕೊಂಡರೆ ಬೈಯುವುದಿಲ್ಲ, ಬದಲಿಗೆ ಉಪಕಾರವಾಯಿತು ಅನ್ನುತ್ತಾರೆ! ಎಂಥ ಮನೆ!

ಏಪ್ರಿಲ್‌ನಲ್ಲಿ ಅವಳು ಕೋಳಿಗೂಡಿನ ಬಾಗಿಲು ಹಾಕುವುದನ್ನು ಮರೆತಳು. ಸಿಸ್ಟರ್ ಕೈಯಾರೆ ನೆಟ್ಟ ಸೊಪ್ಪಿನ ಎಳೆ ಸಸಿಗಳನ್ನು ಹದಿನಾಲ್ಕು ಕೋಳಿ ಒಂದೇ ಮಧ್ಯಾಹ್ನದಲ್ಲಿ ಗುಡಿಸಿ ಗುಂಡಾಂತರ ಮಾಡಿದವು. ಇದು ಸಣ್ಣ ಪೋಲೆಗೆ ಬಗ್ಗುವುದಲ್ಲ ಅನ್ನಿಸಿ, "ಪೋಲೆ ಸಾನ" ಅಂದಳು. ಸಾನ ಅಂದರೆ ಬಹಳ. ಅಯ್ಯಯ್ಯೋ, ಬಹಳ ಪಾಪ ಸಿಸ್ಟರ್! "ಅಸಾಂತೆ ಸಾನ," ಅಂದರು ಸಿಸ್ಟರ್, ಹಲ್ಲು ಕಚ್ಚಿಕೊಂಡು. ಜೂನ್‌ನಲ್ಲಿ ಪ್ರಾರ್ಥನೆಯ ಬೆಂಚಿನ ಮೇಲೆ ಇಟ್ಟಿದ್ದ ಸಿಸ್ಟರ ಕನ್ನಡಕದ ಮೇಲೆ ಕೂತಳು. ಆಗಲೂ ಪೋಲೆ ಸಾನ, ಆಗಲೂ ಅದೇ ಹುಣ್ಣಿಮೆ ನಗು. ಈ ಸಲ ಅಸಾಂತೆ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ, ಹೈಂಗು ಸಿಸ್ಟರಿಗೆ ಕಿವಿ ಮಂದವಾಯಿತೇನೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದಳು.

ಅಂದಿನಿಂದ ಸಿಸ್ಟರ್ ಸ್ಯೋಂಬುವಾರ ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ ಬಂತು. ಕಾಗದ ಬರೆಯುವ ಕಾಲವೂ ಹತ್ತಿರ ಬಂತು.

ಜುಲೈ ಕೊನೆಯ ಮಂಗಳವಾರ ಸಿಸ್ಟರ್ ಹೈಂಗುವನ್ನು ತಮ್ಮ ಕೋಣೆಗೆ ಕರೆದು ಕೂರಿಸಿ, ಗಂಭೀರ ಮಾತಿಗೆಂದೇ ಇಟ್ಟುಕೊಂಡಿದ್ದ ಇಂಗ್ಲಿಷಿನಲ್ಲಿ ಶುರು ಮಾಡಿದರು. ಹೊರಗೆ ನೈರೋಬಿಯ ಜುಲೈ ಚಳಿ, ಒಳಗೆ ಅದಕ್ಕಿಂತ ಜಾಸ್ತಿ.

"ಹೈಂಗು, ನೀನು ಇಬ್ಬರ ಕೆಲಸ ಮಾಡ್ತೀಯ. ಚೆನ್ನಾಗಿ ಹಾಡ್ತೀಯ. ಮನಸ್ಸಿಟ್ಟು ಪ್ರಾರ್ಥನೆ ಮಾಡ್ತೀಯ. ಇದನ್ನೆಲ್ಲ ನಾನು ಕಂಡಿದೀನಿ."

ಹೈಂಗು ತಲೆ ತಗ್ಗಿಸಿ ಕೂತಿದ್ದಳು.

"ಆದ್ರೆ ಒಂದು ಮಾತು. ಏಳು ತಿಂಗಳಲ್ಲಿ ನೀನು ಒಂದೇ ಒಂದು ಸಲ ಕ್ಷಮೆ ಕೇಳಿಲ್ಲ. ತಪ್ಪು ಎಲ್ಲರೂ ಮಾಡ್ತಾರೆ, ನಾನೂ ಮಾಡ್ತೀನಿ. ಆದ್ರೆ ತಪ್ಪು ನನ್ನದು ಅನ್ನೋದು ಬಾಯಲ್ಲಿ ಬರದೇ ಇರೋರು ಮಠದಲ್ಲಿ ಬಾಳೋಕೆ ಆಗಲ್ಲ, ಮಗಳೇ. ಜೊತೆಯಲ್ಲಿರೋರಿಗೆ ಕಷ್ಟ. ನಿನ್ನನ್ನ ಈ ಸಲ ಊರಿಗೆ ಕಳಿಸೋದು ಒಳ್ಳೇದು ಅಂತ ನನಗೆ ಅನ್ನಿಸ್ತಿದೆ."

ಹೈಂಗುವಿಗೆ ಭೂಮಿ ಬಾಯಿ ಬಿಟ್ಟಂತಾಯಿತು. ಕೇಳಿಲ್ಲವೇ? ಪ್ರತಿ ಸಲವೂ ಕೇಳಿದ್ದೇನಲ್ಲ! ಆದರೆ ಹಿರಿಯರು ಹೇಳಿದ ಮಾತಿಗೆ ಅಲ್ಲ ಅನ್ನುವುದನ್ನು ಅವಳ ಅಜ್ಜಿ ಕಲಿಸಿರಲಿಲ್ಲ. ಎದ್ದು ನಿಂತಳು, ಹಾಳು ನಗು ಮುಖದ ಮೇಲೆ ಹರಡಿಕೊಂಡಿತು. ಅವಳಿಗೆ ಗೊತ್ತಿದ್ದ ಅತಿ ದೊಡ್ಡ ಮಾತನ್ನು ಪ್ರಾಣವೆಲ್ಲ ತುಂಬಿ ಹೇಳಿದಳು.

"ಪೋಲೆ ಸಾನ, ಸಿಸ್ಟರ್."

ಸಿಸ್ಟರ್ ಸ್ಯೋಂಬುವಾ ಕಣ್ಣು ಮುಚ್ಚಿಕೊಂಡರು. "ಅಸಾಂತೆ," ಅಂದರು.

ಕೋಣೆಯೊಳಗೆ ಆಡಿದ ಮಾತನ್ನು ಹೊರಗೆ ಯಾರಿಗೂ ಹೇಳಬಾರದು, ಅದು ಮಠದ ನಿಯಮ. ಹೈಂಗು ಎರಡು ದಿನ ಒಬ್ಬಳೇ ಕೊರಗಿದಳು. ನನ್ನ ಪೋಲೆಯಲ್ಲಿ ಏನೋ ಕಮ್ಮಿಯಿದೆ, ಮನಸ್ಸಿನ ಆಳದಿಂದ ಬಂದಿಲ್ಲ, ಅದಕ್ಕೇ ಲೆಕ್ಕಕ್ಕೆ ಹಿಡಿದಿಲ್ಲ ಎಂದುಕೊಂಡಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನ್ಸಿಮಿರೆಯನ್ನು ಮೆಲ್ಲಗೆ ಕೇಳಿದಳು: "ಪೋಲೆಗಿಂತ ದೊಡ್ಡ ಪೋಲೆ ಯಾವುದು?"

"ಪೋಲೆ ಸಾನ."

"ಅದಕ್ಕಿಂತ ದೊಡ್ಡದು?"

"ಪೋಲೆ ಸಾನ ಸಾನ," ಅಂದಳು ನ್ಸಿಮಿರೆ, ಸೋಪಿನ ಕೈ ಸೊಂಟಕ್ಕಿಟ್ಟು. "ಯಾಕೇ, ಯಾರಾದ್ರೂ ಹೋಗ್ಬಿಟ್ರಾ?"

"ಇನ್ನೂ ಇಲ್ಲ," ಅಂದಳು ಹೈಂಗು.

ಗುರುವಾರ ಸಿಸ್ಟರ್ ಪ್ರಾರ್ಥನೆ ಮುಗಿಸಿ ಹೊರಗೆ ಬರುವಾಗ ಹೈಂಗು ಬಾಗಿಲಲ್ಲಿ ಮೊಣಕಾಲೂರಿ, "ಪೋಲೆ ಸಾನ ಸಾನ!" ಅಂದಳು. ಸಿಸ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ತಮ್ಮ ಕೈಕಾಲು ಮುಟ್ಟಿ ನೋಡಿಕೊಂಡರು.

"ಯಾಕಮ್ಮ, ನಾನೇನು ಸಾಯ್ತಿದೀನಾ? ನನಗೇ ಗೊತ್ತಿಲ್ಲದ ಸುದ್ದಿ ಏನಾದ್ರೂ ಬಂದಿದೆಯಾ?"

ಮುತಿಂಟಾ ಕಿಸಕ್ಕನೆ ನಕ್ಕಳು. ಹೈಂಗು ಎದ್ದು ಓಡಿದಳು. ಶುಕ್ರವಾರ ಮಠದ ಕಾರಿನಲ್ಲಿ ಸಿಸ್ಟರ ಕಾಗದ ಮೇಲಿನವರ ಮನೆಗೆ ಹೋಯಿತು. ಅದರಲ್ಲಿ ಏನಿದೆ ಎಂದು ಹೈಂಗುವಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೋಮವಾರ ಅಲ್ಲಿಯವರು ಕೂತು ತೀರ್ಮಾನ ಮಾಡಿಬಿಡುತ್ತಾರೆ, ಅಷ್ಟೇ.

ಭಾನುವಾರ ಅಡುಗೆಯ ಸರದಿ ಹೈಂಗುವಿನದಾಗಿತ್ತು. ಭಾನುವಾರವೆಂದರೆ ಅನ್ನ. ಹೇಗೂ ಹೋಗುವವಳು, ಹೋಗುವ ಮೊದಲು ಒಂದು ದಿನವಾದರೂ ನಮ್ಮೂರಿನ ಹಾಗೆ ಊಟ ಮಾಡಿ ಹೋಗುತ್ತೇನೆ ಎಂದು ನಿಶ್ಚಯಿಸಿದಳು. ಅವಳ ಊರಲ್ಲಿ ಅನ್ನ ಬೆಂದ ಮೇಲೂ ಬೇಕೆಂದೇ ಪಾತ್ರೆಯನ್ನು ಒಲೆಯ ಮೇಲೆ ಬಿಡುತ್ತಾರೆ. ತಳ ಹಿಡಿಯಬೇಕು, ಕಂದು ಬಣ್ಣಕ್ಕೆ ತಿರುಗಿ ಘಮ್ಮೆನ್ನಬೇಕು. ಮೇಲಿನ ಅನ್ನ ಬಡಿಸಿಕೊಂಡು, ತಳದ ಆ ಸೀಕಲಿಗೆ ನೀರು ಹೊಯ್ದು ಕುದಿಸಿ ಕುಡಿಯುತ್ತಾರೆ. ಆ ನೀರಿಲ್ಲದೆ ಊಟ ಮುಗಿಯುವುದಿಲ್ಲ.

ಸೀಕಲ ವಾಸನೆ ಮೂಗಿಗೆ ಬಡಿದದ್ದೇ ಹೈಂಗುವಿಗೆ ಅಜ್ಜಿಯ ಅಡುಗೆಮನೆ ಕಣ್ಣಿಗೆ ಕಟ್ಟಿತು. ಸೆರಗಿಲ್ಲದ ಊರು, ತೋಳಿನಿಂದಲೇ ಕಣ್ಣೊರೆಸಿಕೊಂಡಳು.

ಅದೇ ವಾಸನೆ ಅಂಗಳದಲ್ಲಿದ್ದ ಸಿಸ್ಟರ್ ಸ್ಯೋಂಬುವಾರ ಮೂಗಿಗೂ ಬಡಿಯಿತು. ಧಾವಿಸಿ ಬಂದರು. ಪಾತ್ರೆಯ ತಳ ಕರಕಲು, ಹುಡುಗಿಯ ಕಣ್ಣಲ್ಲಿ ನೀರು. ವಾರಕ್ಕೊಂದು ದಿನದ ಅನ್ನ, ಅದೂ ಸೀದುಹೋಯಿತಲ್ಲ ಎಂದು ಅವರ ಕರುಳು ಚುರ್ ಅಂದಿತು.

"ಪೋಲೆ, ಮಗಳೇ! ಪೋಲೆ ಸಾನ!"

ಹೈಂಗು ಹೌಹಾರಿದಳು. ಸಿಸ್ಟರ್ ನನ್ನ ಹತ್ತಿರ ಕ್ಷಮೆ ಕೇಳುವುದೇ? ಏಳು ತಿಂಗಳಿಂದ ಬಾಯಿಗೆ ಹಾಕಿಕೊಂಡಿದ್ದ ಬೀಗ ಅವತ್ತು ಒಡೆಯಿತು, ಬಂದಷ್ಟು ಇಂಗ್ಲಿಷ್ ಎಲ್ಲ ಹೊರಗೆ ಬಿತ್ತು.

"ಬೇಡ ಸಿಸ್ಟರ್! ನೀವು ಯಾಕೆ ಕ್ಷಮೆ ಕೇಳ್ತೀರಿ? ಸೀಯಿಸಿದ್ದು ನಾನು, ಅದೂ ಬೇಕು ಅಂತಲೇ! ಈ ಮನೇಲಿ ಎಲ್ಲರೂ ಕ್ಷಮೆ ಕೇಳ್ತಾರೆ, ನಾನು ಕೇಳಿದ್ರೆ ಮಾತ್ರ ಲೆಕ್ಕಕ್ಕಿಲ್ಲ!"

"ಯಾರು ಕ್ಷಮೆ ಕೇಳಿದ್ರು?"

"ನೀವು! ಈಗ ತಾನೇ ಪೋಲೆ ಅಂದ್ರಲ್ಲ!"

ಸಿಸ್ಟರ್ ಪಕ್ಕದಲ್ಲಿದ್ದ ಆಲೂಗಡ್ಡೆ ಮೂಟೆಯ ಮೇಲೆ ನಿಧಾನಕ್ಕೆ ಕೂತರು.

"ಹೈಂಗು. ಆವತ್ತು ನನ್ನ ಹಾಸಿಗೆ ಬಟ್ಟೆ ಕೆಸರಾದಾಗ ಪೋಲೆ ಅಂದೆಯಲ್ಲ..."

"ಕ್ಷಮೆ ಕೇಳಿದೆ, ಸಿಸ್ಟರ್."

"ಕೋಳಿ ಸಸಿ ತಿಂದಾಗ?"

"ಕ್ಷಮೆ ಕೇಳಿದೆ. ಜಾಸ್ತಿ ಕೇಳಿದೆ."

"ಕನ್ನಡಕ?"

"ಎರಡು ಸಲ ಕೇಳಿದೆ. ನಿಮಗೆ ಕೇಳಿಸಲಿಲ್ಲ ಅಂದ್ಕೊಂಡೆ."

"ಮತ್ತೆ ಮಂಗಳವಾರ... ನಿನ್ನನ್ನ ಊರಿಗೆ ಕಳಿಸ್ತೀನಿ ಅಂದಾಗ..."

ಹೈಂಗು ತಲೆಯಾಡಿಸಿದಳು. ಸಿಸ್ಟರ್ ಸ್ಯೋಂಬುವಾರ ಹೊಟ್ಟೆಯ ಆಳದಿಂದ ಏನೋ ಒಂದು ಸದ್ದು ಎದ್ದಿತು. ಅಳುತ್ತಿದ್ದಾರೆಂದು ಹೈಂಗು ಗಾಬರಿಯಾದಳು. ಅಳು ಅಲ್ಲ, ನಗು. ಆ ಹೆಂಗಸು ಮೂಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ದಾರ ಕಟ್ಟಿದ ಕನ್ನಡಕ ಮೂಗಿನ ತುದಿಗೆ ಜಾರುವಷ್ಟು ನಕ್ಕರು. ಸದ್ದಿಗೆ ಮುತಿಂಟಾ, ನ್ಸಿಮಿರೆ ಇಬ್ಬರೂ ಓಡಿ ಬಂದರು.

"ಪೋಲೆ ಅಂದ್ರೆ ಕ್ಷಮಿಸಿ ಅಂತ ಇವಳಿಗೆ ಯಾರು ಹೇಳಿದ್ದು?" ಅಂದರು ಸಿಸ್ಟರ್, ಕಣ್ಣೊರೆಸಿಕೊಳ್ಳುತ್ತಾ.

ಹೈಂಗುವಿನ ಕಣ್ಣು ನ್ಸಿಮಿರೆಯ ಕಡೆ ಹೋಯಿತು. ನ್ಸಿಮಿರೆಗೆ ಕಪ್ಪು, ಬ್ರೆಡ್ಡು, ಫ್ರೆಂಚ್ ಎಲ್ಲ ಒಟ್ಟಿಗೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ... ಪೋಲೆ, ಹೈಂಗು," ಅಂದಳು.

"ಪೋಲೆ ಅಲ್ಲ ಕಣೇ, ನಿಸಮೆಹೆ ಅನ್ನು, ನಿಸಮೆಹೆ!" ಎಂದು ಮುತಿಂಟಾ ಅವಳ ಬೆನ್ನಿಗೊಂದು ಕೊಟ್ಟಳು. "ತಪ್ಪು ಮಾಡಿ ಪೋಲೆ ಅನ್ನೋ ರೋಗ ನಿನಗೂ ಹತ್ತಿತಾ?"

"ನಿಸಮೆಹೆ," ಎಂದು ಹೈಂಗು ಆ ಮಾತನ್ನು ನಾಲಿಗೆಯ ಮೇಲಿಟ್ಟು ನೋಡಿದಳು. ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು.

"ದಿನಾ ಹೇಳ್ತೀಯಲ್ಲೇ," ಅಂದರು ಸಿಸ್ಟರ್. "ಪರಲೋಕದ ತಂದೆಯ ಪ್ರಾರ್ಥನೇಲಿ, ಉತುಸಮೆಹೆ ಅಂತ. ನಮ್ಮನ್ನು ಕ್ಷಮಿಸು ಅಂತ. ದಿನಕ್ಕೆ ಮೂರು ಸಲ ದೇವರ ಹತ್ತಿರ ಸರಿಯಾಗಿ ಕೇಳ್ತಿದ್ದೆ. ನನ್ನ ಹತ್ತಿರ ಮಾತ್ರ ಅಯ್ಯೋ ಪಾಪ ಅಂತಿದ್ದೆ."

ಮತ್ತೆ ನಗು ಎದ್ದಿತು. ಆದರೆ ನಗುತ್ತಾ ನಗುತ್ತಾ ಸಿಸ್ಟರ ಮುಖ ಇದ್ದಕ್ಕಿದ್ದಂತೆ ಬಾಡಿತು. ಶುಕ್ರವಾರದ ಕಾಗದ ನೆನಪಾಗಿತ್ತು. ಹುಡುಗಿಯರಿಬ್ಬರನ್ನೂ ಹೊರಗೆ ಕಳಿಸಿ, ಜೇಬಿನಿಂದ ಫೋನ್ ತೆಗೆದು, ಹೈಂಗುವಿನ ಎದುರಿಗೇ ನಂಬರ್ ಒತ್ತಿದರು.

"ಮದರ್, ನಾನು ಸ್ಯೋಂಬುವಾ. ನನ್ನ ಕಾಗದ ಓದಿದ್ರಾ?... ಹರಿದು ಹಾಕಿ... ಇಲ್ಲ ಮದರ್, ಹುಡುಗಿ ತಪ್ಪಲ್ಲ, ನನ್ನ ತಪ್ಪು. ಏಳು ತಿಂಗಳು ಅವಳು ಕ್ಷಮೆ ಕೇಳಿದಳು, ನನಗೆ ಕಿವಿ ಇರಲಿಲ್ಲ... ಹೌದು. ಸಭೆಯಲ್ಲೂ ಇದನ್ನೇ ಹೇಳ್ತೀನಿ, ಎಲ್ಲರ ಮುಂದೆ... ಏನಂದ್ರಿ? ಬಿಳಿ ಮುಸುಕಾ? ಮೂರು ಹೊಲಿಸಿ ಮದರ್. ಎರಡಲ್ಲ, ಮೂರು."

ಫೋನ್ ಕೆಳಗಿಟ್ಟರು. ಮೂಟೆಯಿಂದ ಎದ್ದು ಹೈಂಗುವಿನ ಮುಂದೆ ಬಂದು ನಿಂತರು. ಯಾರ ಕಾಗದಕ್ಕೆ ಮರುಮಾತಿಲ್ಲವೋ ಅವರೇ ಕೈ ಜೋಡಿಸಿದರು.

"ನಿನ್ನನ್ನ ಒಂದು ಮಾತು ಕೇಳಬಹುದಿತ್ತು. ಯಾಕೆ ಹೀಗೆ ಮಾಡ್ತೀಯ ಅಂತ ಒಂದೇ ಒಂದು ಸಲ ಕೇಳಬಹುದಿತ್ತು. ಕೇಳಲಿಲ್ಲ, ಜಂಬ ಅಂದ್ಕೊಂಡೆ. ನಿಸಮೆಹೆ, ಮಗಳೇ."

ಆ ಮಾತನ್ನು ಹೈಂಗು ಈಗ ತಾನೇ ಕಲಿತಿದ್ದಳು. ಅದಕ್ಕೆ ಏನು ಉತ್ತರ ಕೊಡಬೇಕೆಂದು ಯಾರೂ ಹೇಳಿರಲಿಲ್ಲ. ಎದುರಿಗೆ ನೋಡಿದಳು. ಕನ್ನಡಕದ ಹಿಂದೆ ಕೆಂಪಾದ ಎರಡು ಕಣ್ಣು, ಕಿವಿಯ ಹತ್ತಿರ ಬಿಚ್ಚಿಕೊಳ್ಳುತ್ತಿದ್ದ ಕಪ್ಪು ದಾರ, ಏಳು ತಿಂಗಳ ತಪ್ಪನ್ನು ಒಂದೇ ಗಳಿಗೆಯಲ್ಲಿ ಹೊತ್ತು ನಿಂತ ಒಬ್ಬ ವಯಸ್ಸಾದ ಹೆಂಗಸು. ಈಕೆಗೆ ನೋವಾಗುತ್ತಿದೆ ಅನ್ನಿಸಿತು. ಅನ್ನಿಸಿದ್ದೇ ತಡ, ಮಾತು ತಾನಾಗಿ ಬಾಯಿಗೆ ಬಂತು.

"ಪೋಲೆ, ಸಿಸ್ಟರ್."

ಸಿಸ್ಟರ್ ಸ್ಯೋಂಬುವಾ ಅವಳ ಕೈ ಹಿಡಿದುಕೊಂಡರು. "ಅಸಾಂತೆ," ಅಂದರು, ಈ ಸಲ ತಡ ಮಾಡದೆ.

ಹೈಂಗು ತಳದ ಸೀಕಲಿಗೆ ನೀರು ಹೊಯ್ದು ಕುದಿಸಿದಳು. ಎರಡು ಕಪ್ಪಿಗೆ ಬಗ್ಗಿಸಿ, ಒಂದನ್ನು ಸಿಸ್ಟರಿಗೆ ಕೊಟ್ಟಳು.